ಮನೇಲೇ ಕಟ್ತಿರೋ ಸ್ಪೋರ್ಟ್ಸ್ ಕಾರಿಗೆ ಯಾವ ಶಾಕ್ ಅಬ್ಸಾರ್ಬರ್ ಹಾಕ್ಲಿ? (ಆಲ್ದೂರು, ಚಿಕ್ಕಮಗಳೂರು)

ಸಿಲ್ವರ್‌ಓಕ್
ಎಲ್ರಿಗೂ ನಮಸ್ಕಾರ. ಮೂರು ವರ್ಷದಿಂದ ನಮ್ಮ ತೋಟದ ಹಳೇ ಪಲ್ಪರ್ ಮನೇಲಿ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಜಾಗ) ಒಂದು ಕಾರು ಕಟ್ತಾ ಇದೀನಿ. ಇಂಗ್ಲೆಂಡಿನ ಹಳೇ ಲೋಟಸ್ ಸೆವೆನ್ ಸ್ಪೋರ್ಟ್ಸ್ ಕಾರಿನ ಥರದ್ದು. ಎರಡು ಸೀಟು, ಬಾಗಿಲಿಲ್ಲ, ಮೇಲೆ ಸೂರಿಲ್ಲ, ಮುಂದಿನ ಚಕ್ರ ಎರಡೂ ಮೈಯಿಂದ ಆಚೆ. ಚಾಸಿ ಒಂದಿಂಚಿನ ಚೌಕ ಪೈಪಿಂದು, ವೆಲ್ಡಿಂಗ್ ನಂದೇ (ನಗಬೇಡಿ, ಎರಡನೇ ಸಲಕ್ಕೆ ಸರಿಯಾಗಿ ಬಂತು). ಎಂಜಿನ್, ಗೇರ್‌ಬಾಕ್ಸ್ ಮಾರುತಿ ಜಿಪ್ಸಿದು, 1298 ಸಿಸಿ ಎಂಪಿಎಫ್ಐ. ಹಿಂದೆ ಜಿಪ್ಸಿ ಆಕ್ಸಲ್ ಹೌಸಿಂಗೇ ಇದೆ, ಆದ್ರೆ ಪಾಟಾ (ಪಟ್ಟಿ ಸ್ಪ್ರಿಂಗು) ಕಿತ್ತು ನಾಲ್ಕು ಲಿಂಕು, ಹೌಸಿಂಗು ಪಕ್ಕಕ್ಕೆ ಸರಿಯದ ಹಾಗೆ ಒಂದು ಪ್ಯಾನ್‌ಹಾರ್ಡ್ ರಾಡ್ ಕೊಟ್ಟಿದೀನಿ. ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯೋ ಮೇಲೊಂದು ಕೆಳಗೊಂದು ತೋಳು), ಶಾಕು ಸ್ಪ್ರಿಂಗು ಒಂದರೊಳಗೊಂದು ಕೂರೋ ಕಾಯಿಲ್‌ಓವರ್ ಮಾದರಿ.

ಈಗ ಕೆಲಸ ನಿಂತಿರೋದು ಆ ಕಾಯಿಲ್‌ಓವರ್ ಹತ್ರಾನೇ. ಎರಡು ತಿಂಗಳಿಂದ ಕಾರು ಮರದ ದಿಮ್ಮಿ ಮೇಲೆ ಕೂತಿದೆ. ಗುಜರಿಯಿಂದ ಬೈಕ್ ಶಾಕ್ ತಂದು ಹಾಕೋದು ಒಂದು ದಾರಿ. ಇಂಗ್ಲೆಂಡಿಂದ ಕಿಟ್ ಕಾರಿಗೆ (ಬಿಡಿಭಾಗ ತಂದು ಮನೇಲೇ ಜೋಡಿಸೋ ಕಾರು) ಅಂತಲೇ ಮಾಡೋ ಅಡ್ಜಸ್ಟಬಲ್ ಶಾಕ್ ತರಿಸೋದು ಇನ್ನೊಂದು. ಗ್ಯಾಝ್, ಎವಿಒ, ಪ್ರೊಟೆಕ್, ಸ್ಪ್ಯಾಕ್ಸ್ ಅಂತ ಹೆಸರು ಓದಿ ಓದಿ ತಲೆ ಕೆಟ್ಟಿದೆ. ಇಲ್ಲಿನದೇ ಯಾವುದಾದ್ರೂ ಕಾರಿನ ಶಾಕ್ ತಗೊಂಡು ಒಳಗಿನ ವಾಲ್ವ್ ಬದಲಾಯಿಸೋದು ಮೂರನೇದು. ಬಜೆಟ್ ನಾಲ್ಕಕ್ಕೂ ಸೇರಿ 60 ಸಾವಿರ. ಈ ಸಲ ಮೆಣಸು ಚೆನ್ನಾಗಿ ಬಂದ್ರೆ ಸ್ವಲ್ಪ ಎಳೀಬಹುದು.

ರೋಡಿಗೆ ಇಳಿಸಲ್ಲ. ತೋಟದೊಳಗಿನ ರಸ್ತೆ, ಕಾಫಿ ಕಣ, ವರ್ಷಕ್ಕೆ ಒಂದೆರಡು ಸಲ ಲಾರಿ ಮೇಲೆ ಹೇರ್ಕೊಂಡು ಕೊಯಮತ್ತೂರು ಟ್ರ್ಯಾಕ್. ಯಾವುದು ತಗೊಳ್ಳಿ?

ಕೆಎ13_ಬೈಕರ್
ಯೋಚನೆ ಯಾಕೆ ಗುರು, ಬುಲೆಟ್ ಶಾಕ್ ನಾಲ್ಕು ತಂದು ಬಿಗಿ. ಹಾಸನದ ಗುಜರೀಲಿ ರಾಶಿ ಸಿಗುತ್ತೆ. ಸ್ಪ್ರಿಂಗ್ ಸಮೇತ ಬರುತ್ತೆ, ಎರಡೂ ಕಡೆ ಬುಷ್ ಇರುತ್ತೆ, ಬೋಲ್ಟ್ ಹಾಕಿದ್ರೆ ಮುಗೀತು. ಮಿಕ್ಕಿದ ದುಡ್ಡಲ್ಲಿ ಟೈರ್ ತಗೋ.

ಮೆಣಸಿನಬಳ್ಳಿ
ಮೊದ್ಲು ಫೋಟೋ ಹಾಕು ಮಾರಾಯ. ಪಲ್ಪರ್ ಮನೇಲಿ ಕಾರು ಕಟ್ಟಿದೋನು ಹಣ್ಣನ್ನ ಎಲ್ಲಿ ಪಲ್ಪ್ ಮಾಡ್ತೀಯ?

ಸಿಲ್ವರ್‌ಓಕ್
@ಮೆಣಸಿನಬಳ್ಳಿ ಮೂರು ವರ್ಷದಿಂದ ಪಲ್ಪ್ ಮಾಡದೆ ಹಣ್ಣನ್ನ ಹಾಗೇ ಚೆರಿ ಮಾಡಿ ಒಣಗಿಸ್ತಿದೀವಿ. ಅಪ್ಪನ ಹತ್ರ ಈ ಪ್ರಶ್ನೆ ಕೇಳಬೇಡಿ ದಯವಿಟ್ಟು.

ಗೇಜ್_ಬ್ಲಾಕ್
ಬೈಕ್ ಶಾಕ್ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಹಾಸನದ ಎಂಸಿಇ ಎಂಜಿನಿಯರಿಂಗ್ ಕಾಲೇಜಲ್ಲಿ ಓದೋವಾಗ ಬಾಹಾ (ವಿದ್ಯಾರ್ಥಿಗಳು ಬಗ್ಗಿ ಕಟ್ಟಿ ಓಡಿಸೋ ಸ್ಪರ್ಧೆ) ಟೀಮಲ್ಲಿದ್ದೆ. ಮೊದಲ ವರ್ಷ ನಾವೂ ಇದನ್ನೇ ಮಾಡಿದ್ವಿ, ಕೈಗೆ ಸಿಕ್ಕ ಬೈಕ್ ಶಾಕ್ ಹಾಕಿದ್ವಿ. ಬೈಕಿನ ಹಿಂದಿನ ಶಾಕ್ ನೆಟ್ಟಗೆ ನಿಂತಿರುತ್ತೆ, ಚಕ್ರ ಎಷ್ಟು ಏಳುತ್ತೋ ಹೆಚ್ಚುಕಡಿಮೆ ಶಾಕೂ ಅಷ್ಟೇ ಕುಗ್ಗುತ್ತೆ. ಕಾರಿನ ಮುಂದಿನ ವಿಶ್‌ಬೋನಲ್ಲಿ ಹಾಗಲ್ಲ. ಶಾಕಿನ ಕೆಳಗಿನ ಬೋಲ್ಟು ವಿಶ್‌ಬೋನಿನ ನಡುವೆ ಎಲ್ಲೋ ಇರುತ್ತೆ, ಮೇಲಿಂದು ಒಳಗಡೆ ವಾಲಿರುತ್ತೆ. ಚಕ್ರ 40 ಮಿ.ಮೀ. ಎದ್ರೆ ಶಾಕು 22 ಅಥವಾ 25 ಮಿ.ಮೀ. ಕುಗ್ಗಬಹುದು. ಈ ಅನುಪಾತಕ್ಕೆ ಮೋಷನ್ ರೇಶಿಯೋ ಅಂತಾರೆ.

ಹಾರೆ ಹಾಕಿ ಕಲ್ಲು ಎಬ್ಬಿಸೋದನ್ನ ನೆನಪು ಮಾಡ್ಕೊಳ್ಳಿ. ಸ್ಪ್ರಿಂಗು ತೋಳಿನ ಸರಿಯಾಗಿ ಅರ್ಧದಲ್ಲಿದ್ರೆ ಅದರ ಮೇಲೆ ಬೀಳೋ ಭಾರ ಎರಡು ಪಟ್ಟು, ಅದು ಕುಗ್ಗೋ ದೂರ ಅರ್ಧ. ಎರಡೂ ಸೇರಿ ಚಕ್ರದ ಹತ್ರ ಅದೇ ಸ್ಪ್ರಿಂಗು ನಾಲ್ಕನೇ ಒಂದು ಭಾಗದಷ್ಟೇ ಗಟ್ಟಿ ಅನ್ಸುತ್ತೆ. ಡ್ಯಾಂಪಿಂಗೂ ಇದೇ ಲೆಕ್ಕ. ಅದಕ್ಕೇ ಬುಲೆಟಲ್ಲಿ ಗಟ್ಟಿ ಇರೋ ಶಾಕು ನಿಮ್ಮ ಕಾರಿಗೆ ಹಾಕಿದ ತಕ್ಷಣ ಹಲ್ವ ಆಗುತ್ತೆ.

ಇನ್ನೊಂದು: ಬೈಕಿನ ಹಿಂದಿನ ಶಾಕಲ್ಲಿ ಡ್ಯಾಂಪಿಂಗ್ ಬಹುಪಾಲು ವಾಪಸ್ ಬರೋವಾಗ, ಅಂದ್ರೆ ರಿಬೌಂಡಲ್ಲಿ ಇರುತ್ತೆ. ಒತ್ತೋವಾಗ ಬಹಳ ಕಮ್ಮಿ. ಕಾರು ತಿರುವಲ್ಲಿ ವಾಲೋವಾಗ ಎರಡೂ ಬೇಕು.

ಹಾಗಾಗಿ ಬ್ರ್ಯಾಂಡ್ ಕೇಳೋಕೆ ಮುಂಚೆ ಮೂರು ನಂಬರ್ ಕೊಡಿ: ನಾಲ್ಕು ಚಕ್ರದ ಕೆಳಗಿನ ತೂಕ, ಮುಂದಿನ ಹಾಗೂ ಹಿಂದಿನ ಮೋಷನ್ ರೇಶಿಯೋ, ಶಾಕಿಗೆ ಇರೋ ಜಾಗ (ಬೋಲ್ಟಿಂದ ಬೋಲ್ಟಿಗೆ). ಇವಿಲ್ಲದೆ ಶಾಕ್ ತಗೊಳ್ಳೋದು ಕಾಲಿನ ಅಳತೆ ಕೊಡದೆ ಚಪ್ಪಲಿ ಆರ್ಡರ್ ಮಾಡಿದ ಹಾಗೆ.

ಕೆಎ13_ಬೈಕರ್
ಅಷ್ಟೆಲ್ಲ ಲೆಕ್ಕ ಯಾಕೆ? ಮೆತ್ತಗಾದ್ರೆ ಸ್ಪ್ರಿಂಗ್ ಕೂರೋ ಕಾಲರ್ ಎರಡು ಸುತ್ತು ಟೈಟ್ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತಲ್ಲ.

ಗೇಜ್_ಬ್ಲಾಕ್
ಆಗಲ್ಲ. ಕಾಲರ್ ತಿರುಗಿಸಿದ್ರೆ ಕಾರು ಮೇಲೇಳುತ್ತೆ, ಸ್ಪ್ರಿಂಗ್ ಗಟ್ಟಿ ಆಗಲ್ಲ.

ಕೆಎ13_ಬೈಕರ್
ನನ್ನ ಬೈಕಲ್ಲಿ ಆಗುತ್ತೆ ಸ್ವಾಮಿ. ಹಿಂದೆ ಹೆಂಡ್ತಿ ಕೂತಾಗ ಮೂರನೇ ನಾಚಿಗೆ ಹಾಕ್ತೀನಿ, ತಳ ಹೊಡೆಯಲ್ಲ.

ಡಿಪೊ_ರಿಟೈರ್ಡ್
ಇಬ್ರೂ ಸರಿ ತಮ್ಮ. ಆದ್ರೆ ಬೈಕಿನೋನು ತಿಳ್ಕೊಂಡಿರೋದು ತಪ್ಪು. ಹಳೇ ಸ್ಪ್ರಿಂಗ್ ತಕ್ಕಡಿ ನೋಡಿದ್ದೀಯಲ್ಲ, ಕೊಕ್ಕೆಗೆ ಮೂಟೆ ನೇತು ಹಾಕೋದು. ಅದನ್ನ ತೊಲೆಗೆ ಒಂದು ಗೇಣು ಮೇಲೆ ಕಟ್ಟಿದ್ರೆ ಮೂಟೆ ಒಂದು ಗೇಣು ಮೇಲೆ ನಿಲ್ಲುತ್ತೆ. ಹತ್ತು ಕೆ.ಜಿ. ಜಾಸ್ತಿ ಹಾಕಿದ್ರೆ ಮುಳ್ಳು ಮೊದಲು ಎಷ್ಟು ಇಳೀತಿತ್ತೋ ಅಷ್ಟೇ ಇಳಿಯುತ್ತೆ. ಕಾಲರ್ ಟೈಟ್ ಮಾಡೋದೂ ಅದೇ. ಹೆಂಡ್ತಿ ಕೂತಾಗ ನಿನ್ನ ಬೈಕು ಕುಗ್ಗಿ ನಿಂತಿತ್ತು, ನೀನು ಅದನ್ನ ಮೇಲೆತ್ತಿದೆ, ತಳಕ್ಕೆ ಜಾಗ ಸಿಕ್ತು. ಅದಕ್ಕೆ ಹೊಡೆಯಲ್ಲ. ಸ್ಪ್ರಿಂಗ್ ಅದೇ ಸ್ಪ್ರಿಂಗು.

ನಾನು ಸಾರಿಗೆ ಡಿಪೊದಲ್ಲಿ ಇದ್ದೋನು. ಮೊದಲೆಲ್ಲ ಪಾಟಾ ಗಾಡಿ, ಆಮೇಲೆ ಏರ್ ಸಸ್ಪೆನ್ಷನ್ ಬಂತು. ಶಾಕಪ್ ಹೋದ ಬಸ್ಸನ್ನ ಸದ್ದಲ್ಲೇ ಗುರುತು ಹಿಡೀತಿದ್ವಿ.

ಮೆಣಸಿನಬಳ್ಳಿ
ಹೆಂಡ್ತಿ ವಿಷಯ ಇಲ್ಲಿಗೆ ನಿಲ್ಸಿ, ಅವರೂ ಓದ್ತಿರಬಹುದು.

ಕಾನೂನು_ಮಾತು
ಒಂದು ಎಚ್ಚರಿಕೆ. ಇದನ್ನ ಹೈವೇಗೆ ತರೋ ಆಸೆ ಇದ್ರೆ ಈಗಲೇ ಬಿಟ್ಬಿಡಿ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಾಯಿಸೋ ಹಾಗಿಲ್ಲ; 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಇನ್ನು ಹೊಸದಾಗಿ ಕಟ್ಟಿದ ಗಾಡಿ ಅಂದ್ರೆ ಟೈಪ್ ಅಪ್ರೂವಲ್ (ಆ ಮಾದರಿಗೇ ಪರೀಕ್ಷೆ ಮಾಡಿ ಕೊಡೋ ಒಪ್ಪಿಗೆ) ಬೇಕು, ಅದು ಒಬ್ಬ ಮನುಷ್ಯನ ಕೈಲಾಗೋ ಕೆಲಸ ಅಲ್ಲ. ಜಿಪ್ಸಿ ಆರ್‌ಸಿ ಇಟ್ಕೊಂಡು ಓಡಿಸ್ತೀನಿ ಅಂದ್ರೆ ಇನ್ನೂ ದೊಡ್ಡ ತಲೆನೋವು.

ಸಿಲ್ವರ್‌ಓಕ್
ಅದಕ್ಕೇ ಮೊದಲನೇ ಪೋಸ್ಟಲ್ಲೇ ಬರೆದಿದೀನಿ ಸಾರ್, ರೋಡಿಗೆ ಇಳಿಸಲ್ಲ ಅಂತ. ಜಿಪ್ಸಿ ಸ್ಕ್ರ್ಯಾಪ್ ಆದ ಗಾಡಿ, ಆರ್‌ಸಿ ವಾಪಸ್ ಕೊಟ್ಟಾಯ್ತು.

ಪದ್ಮಿನಿ_ಪ್ರೇಮಿ
ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಮುಂದಿನ ಸಸ್ಪೆನ್ಷನ್ ಯಾರಾದ್ರೂ ನೆನಪು ಮಾಡ್ಕೊಳ್ಳಿ! ಆ ಕಾಲಕ್ಕೇ ವಿಶ್‌ಬೋನು, ಕಾಯಿಲ್ ಸ್ಪ್ರಿಂಗು. ನಮ್ಮ ಮಾವ ಅರಸೀಕೆರೆಯಿಂದ ಧರ್ಮಸ್ಥಳಕ್ಕೆ ಏಳು ಜನ ಹಾಕ್ಕೊಂಡು ಚಾರ್ಮಾಡಿ ಘಾಟಿ ಇಳಿಸ್ತಿದ್ರು. ಇಡೀ ಅಸೆಂಬ್ಲಿ ಎತ್ತಿ ಹಾಕಬಹುದಲ್ಲ?

ಚಾರ್ಮಾಡಿ_ಕಟ್
ಏಳು ಜನ ಹಾಕ್ಕೊಂಡು ಇಳಿದಿದ್ದು ಸಸ್ಪೆನ್ಷನ್ ಪುಣ್ಯ ಅಲ್ಲ, ಮಂಜುನಾಥನ ಪುಣ್ಯ.

ನಾನು ಮೂಡಿಗೆರೆ ಕಡೆಯೋನು. ನಮ್ಮ ಜಿಲ್ಲೇಲಿ ರ್ಯಾಲಿ ಆದಾಗೆಲ್ಲ ಸರ್ವಿಸ್ ಕ್ರೂನಲ್ಲಿ ಕೆಲಸ ಮಾಡಿದೀನಿ. 2016ರಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿ ಇಲ್ಲಿಗೆ ಬಂದಾಗ ಗೌರವ್ ಗಿಲ್ ಅವರ ಸ್ಕೋಡಾ ಫಾಬಿಯಾ ಆರ್5 ರ್ಯಾಲಿ ಕಾರು ತೋಟದ ರಸ್ತೇಲಿ ಹೋಗೋದನ್ನ ಬೇಲಿ ಪಕ್ಕ ನಿಂತು ನೋಡಿದೀನಿ. ಚಕ್ರ ನಾಲ್ಕೂ ಮೇಲೆ ಕೆಳಗೆ ಹುಚ್ಚು ಹಿಡಿದ ಹಾಗೆ ಕುಣೀತಿವೆ, ಮೈ ಮಾತ್ರ ತೇಲ್ಕೊಂಡು ಹೋಗ್ತಿದೆ. ಎಲ್ರೂ ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಗಟ್ಟಿ, ಗಟ್ಟಿ ಅಂತಾರೆ. ಗಟ್ಟಿ ಶಾಕ್ ಹಾಕಿದ ಕಾರು ನಮ್ಮ ರಸ್ತೇಲಿ ಕಲ್ಲಿಂದ ಕಲ್ಲಿಗೆ ಹಾರುತ್ತೆ. ಟೈರು ಗಾಳೀಲಿದ್ರೆ ಗ್ರಿಪ್ ಎಲ್ಲಿಂದ ಬರಬೇಕು?

ನನ್ನ ಸಲಹೆ ಒಂದೇ, ಟ್ರಾವೆಲ್ ನೋಡು, ಅಂದ್ರೆ ಚಕ್ರ ಮೇಲೆ ಕೆಳಗೆ ಎಷ್ಟು ಓಡಾಡುತ್ತೆ ಅನ್ನೋದು. ಎಷ್ಟು ಕ್ಲಿಕ್ ಅಡ್ಜಸ್ಟ್ ಆಗುತ್ತೆ ಅನ್ನೋದು ಆಮೇಲೆ.

ಸಿಲ್ವರ್‌ಓಕ್
ಆ ಇಂಗ್ಲೆಂಡ್ ಶಾಕುಗಳಲ್ಲಿ ನಾಬ್ ತಿರುಗಿಸಿ ಗಟ್ಟಿ ಮೆತ್ತಗೆ ಮಾಡ್ಕೋಬಹುದಲ್ಲ? ತೋಟಕ್ಕೆ ಮೆತ್ತಗೆ, ಟ್ರ್ಯಾಕಿಗೆ ಗಟ್ಟಿ. ಅದೇ ನನಗೆ ಆಸೆ.

ಗೇಜ್_ಬ್ಲಾಕ್
ಒಂದೇ ನಾಬ್ ಇರೋದ್ರಲ್ಲಿ ಕೆಲವು ರಿಬೌಂಡ್ ಮಾತ್ರ ಬದಲಾಯಿಸುತ್ತೆ, ಕೆಲವು ಎರಡನ್ನೂ ಒಟ್ಟಿಗೆ. ತಗೊಳ್ಳೋ ಮುಂಚೆ ಡೈನೊ ಗ್ರಾಫ್ (ಯಾವ ವೇಗಕ್ಕೆ ಶಾಕು ಎಷ್ಟು ಬಲ ಕೊಡುತ್ತೆ ಅಂತ ಮಿಷಿನ್ನಲ್ಲಿ ಅಳೆದದ್ದು) ಕೇಳಿ. ಗ್ರಾಫ್ ಕೊಡೋಕೆ ಆಗಲ್ಲ ಅನ್ನೋರ ಹತ್ರ ತಗೋಬೇಡಿ. ಮತ್ತೆ ತಪ್ಪು ಸ್ಪ್ರಿಂಗಿಗೆ ನಾಬ್ ಔಷಧಿ ಅಲ್ಲ. ರಿಬೌಂಡ್ ಪೂರ್ತಿ ಬಿಗಿ ಮಾಡಿದ್ರೆ ಸಾಲು ಗುಂಡೀಲಿ ಚಕ್ರ ಕೆಳಗೆ ಬರೋಕೆ ಪುರಸೊತ್ತಿರಲ್ಲ, ಒಂದೊಂದು ಗುಂಡಿಗೂ ಕಾರು ಕುಗ್ಗುತ್ತಾ ಹೋಗಿ ಕೊನೆಗೆ ಸ್ಟಾಪರ್ (ಓಟದ ಕೊನೇಲಿ ತಡೆಯೋ ರಬ್ಬರು) ಮೇಲೆ ಕೂರುತ್ತೆ.

ಚಾರ್ಮಾಡಿ_ಕಟ್
ಇದನ್ನ ಅಚ್ಚು ಹಾಕಿಸಿ ಗ್ಯಾರೇಜ್ ಗೋಡೆಗೆ ಅಂಟಿಸ್ಬೇಕು.

ಗೋಣಿಚೀಲ
ಗ್ಯಾಸ್ ಶಾಕ್ ಒಳ್ಳೇದೋ ಆಯಿಲ್ ಶಾಕ್ ಒಳ್ಳೇದೋ?

ಡಿಪೊ_ರಿಟೈರ್ಡ್
ಗ್ಯಾಸ್ ಶಾಕಲ್ಲೂ ಆಯಿಲೇ ಕೆಲಸ ಮಾಡೋದು ತಮ್ಮ. ಗ್ಯಾಸು ಆಯಿಲ್ ನೊರೆ ಬರದ ಹಾಗೆ ಒತ್ತಿ ಹಿಡ್ಕೊಂಡಿರುತ್ತೆ ಅಷ್ಟೆ. ಮಜ್ಜಿಗೆ ಕಡೆದ ಹಾಗೆ ಪಿಸ್ಟನ್ ಆಡ್ತಾ ಇದ್ರೆ ನೊರೆ ಬರುತ್ತೆ, ನೊರೆಯಲ್ಲಿ ಪಿಸ್ಟನ್ನಿಗೆ ತಡೆ ಸಿಗಲ್ಲ.

ಗೇಜ್_ಬ್ಲಾಕ್
ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ. ಒಂಟಿ ಟ್ಯೂಬಿನದು, ಅಂದ್ರೆ ಮೊನೊಟ್ಯೂಬ್, ಡಿ ಕಾರ್ಬನ್ ಅನ್ನೋ ಫ್ರೆಂಚ್ ಎಂಜಿನಿಯರ್ ಮಾಡಿದ್ದು. ಬಿಲ್‌ಸ್ಟೈನ್ ಕಂಪನಿ ಅದನ್ನ 1950ರ ದಶಕದಲ್ಲಿ ಮರ್ಸಿಡಿಸ್ ಕಾರಿಗೆ ತಂತು. ಬಿಸಿ ಬೇಗ ಆರುತ್ತೆ, ತಲೆಕೆಳಗಾಗಿಯೂ ಹಾಕಬಹುದು. ಆದ್ರೆ ನಿಮ್ಮಂಥ ಹಗುರ ಕಾರಿಗೆ ಒಂದು ಸಣ್ಣ ತೊಂದರೆ ಇದೆ. ಒಳಗೆ 25 ಬಾರ್ ಗ್ಯಾಸ್ ಇದ್ದು ರಾಡು 11 ಮಿ.ಮೀ. ದಪ್ಪ ಇದ್ರೆ ರಾಡನ್ನ ಸುಮಾರು 24 ಕೆ.ಜಿ. ಬಲದಲ್ಲಿ ಹೊರಗೆ ತಳ್ತಾ ಇರುತ್ತೆ. ಒಂದೂವರೆ ಟನ್ ಕಾರಿಗೆ ಅದು ಲೆಕ್ಕಕ್ಕೇ ಇಲ್ಲ, 600 ಕೆ.ಜಿ. ಕಾರಿಗೆ ಎತ್ತರವೇ ಬದಲಾಗುತ್ತೆ. ಇನ್ನೊಂದು, ತೋಟದ ರಸ್ತೇಲಿ ಕಲ್ಲು ಸಿಡಿದು ಮೊನೊಟ್ಯೂಬಿನ ಮೈ ಜಜ್ಜಿದ್ರೆ ಪಿಸ್ಟನ್ ಅಲ್ಲೇ ಕಚ್ಕೊಳ್ಳುತ್ತೆ. ಜೋಡಿ ಟ್ಯೂಬಿನದ್ರಲ್ಲಿ ಹೊರಗಿನ ತಗಡು ಜಜ್ಜಿದ್ರೂ ಒಳಗಿನ ಸಿಲಿಂಡರ್ ಉಳಿಯುತ್ತೆ. ನಿಮಗೆ ಜೋಡಿ ಟ್ಯೂಬೇ ಸಾಕು.

ಡಿಪೊ_ರಿಟೈರ್ಡ್
ಜೋಡಿ ಟ್ಯೂಬಿನದು ಹಾಕೋ ಮುಂಚೆ ಒಂದು ಕೆಲಸ. ಅಂಗಡೀಲಿ ಅಡ್ಡ ಮಲಗಿಸಿರ್ತಾರೆ, ಒಳಗಿನ ಸಿಲಿಂಡರಿಗೆ ಗಾಳಿ ಹೋಗಿರುತ್ತೆ. ನೆಟ್ಟಗೆ ನಿಲ್ಸಿ, ಪೂರ್ತಿ ಎಳೆದು ಪೂರ್ತಿ ಒತ್ತು, ಐದಾರು ಸಲ. ಮೊದಲೆರಡು ಸಲ ನಡುವೆ ಒಂದು ಕಡೆ ಪುಸಕ್ ಅಂತ ಸಡಿಲ ಬಿಡುತ್ತೆ. ಆಮೇಲೆ ಬಿಡಬಾರದು. ಆಮೇಲೂ ಬಿಟ್ರೆ ಅದನ್ನ ಅಂಗಡಿಗೇ ವಾಪಸ್ ಕೊಡು. ಎಷ್ಟೋ ಹುಡುಗ್ರು ಇದನ್ನ ಮಾಡದೆ ಹಾಕಿ, ಹೊಸ ಶಾಕಪ್ ಸರಿ ಇಲ್ಲ ಅಂತ ಅಂಗಡಿಯೋನ ಜೊತೆ ಜಗಳ ಆಡಿದ್ದು ನೋಡಿದೀನಿ. ನಾನೂ ಒಂದು ಸಲ ಆಡಿದೀನಿ ಅನ್ನಿ.

ಲೇತ್_ಮನೆ
ಹಾಸನದಲ್ಲಿ ಲೇತ್ ಇಟ್ಕೊಂಡಿದೀನಿ. ಶಾಕ್ ಯಾವುದಾದ್ರೂ ಹಾಕಿ, ಅದು ಕೂರೋ ಬ್ರಾಕೆಟ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಹೋದ ವರ್ಷ ಒಬ್ಬ ಹುಡುಗ ಒಂದು ಬಗ್ಗಿ ತಂದಿದ್ದ. ಶಾಕಿನ ಮೇಲಿನ ಬೋಲ್ಟು ಒಂದೇ ಕಡೆ ತಗಡಿಗೆ ನೇತಾಡ್ತಿದೆ, ಇನ್ನೊಂದು ತುದಿಗೆ ಆಸರೆ ಇಲ್ಲ. 10 ಮಿ.ಮೀ. ಬೋಲ್ಟು ಬಾಳೆಕಾಯಿ ಥರ ಬಗ್ಗಿತ್ತು. ಎರಡೂ ಕಡೆ ಕಿವಿ ಇರೋ ಬ್ರಾಕೆಟ್ ಮಾಡ್ಸಿ, 12 ಮಿ.ಮೀ. ಬೋಲ್ಟ್ ಹಾಕಿ, ತಲೆ ಮೇಲೆ 8.8 ಅಂತ (ಬೋಲ್ಟಿನ ಬಲದ ಗ್ರೇಡು) ಗುದ್ದಿರೋದು ಕಮ್ಮಿ ಅಂದ್ರೂ ಇರ್ಲಿ. ಚರಿ (ಥ್ರೆಡ್) ಭಾಗ ಕಿವಿ ಒಳಗೆ ಬರಬಾರದು, ನುಣುಪು ಭಾಗವೇ ಕೂರಬೇಕು.

ರೋಸ್ ಜಾಯಿಂಟ್ (ರಬ್ಬರಿಲ್ಲದ ಲೋಹದ ಗುಂಡು ಜಾಯಿಂಟು) ಆಸೆ ಬೇಡ. ನೋಡೋಕೆ ಚಂದ. ನಮ್ಮ ಕೆಮ್ಮಣ್ಣಿನ ಧೂಳು, ಮೇಲೆ ಮಳೆ, ಎರಡು ಮಳೆಗಾಲಕ್ಕೆ ಕಟಕಟ ಅನ್ನುತ್ತೆ. ರಬ್ಬರ್ ಬುಷ್ ಇಲ್ಲಾ ಪಾಲಿಯುರೆಥೇನ್ ಬುಷ್ ಹಾಕಿ.

ಸಿಲ್ವರ್‌ಓಕ್
ಬ್ರಾಕೆಟ್ ಎರಡು ಕಿವಿಯದೇ ಇದೆ ಅಣ್ಣ. ಬೋಲ್ಟು 10ರದ್ದು ಹಾಕಿದ್ದೆ. ಬದಲಾಯಿಸ್ತೀನಿ.

ತೂಕ ಹೇಗೆ ಹಾಕೋದು ಅಂತ ಹೇಳಿ. ವೇ ಬ್ರಿಡ್ಜಿಗೆ ಒಯ್ಯೋದಾದ್ರೆ ಚಕ್ರದ ಲೆಕ್ಕ ಸಿಗಲ್ಲ, ಬರೀ ಒಟ್ಟು ತೂಕ.

ಮೆಣಸಿನಬಳ್ಳಿ
ಗೋಡೌನಲ್ಲಿ ಕಾಫಿ ಮೂಟೆ ತೂಗೋ ಪ್ಲಾಟ್‌ಫಾರಂ ಇಲ್ವಾ? ನಮ್ಮದು 300 ಕೆ.ಜಿ. ತನಕ ತೂಗುತ್ತೆ.

ಗೇಜ್_ಬ್ಲಾಕ್
ಸೂಪರ್ ಐಡಿಯಾ. ತಕ್ಕಡಿ ಎಷ್ಟು ಎತ್ತರ ಇದೆಯೋ ಅಷ್ಟೇ ದಪ್ಪದ ಹಲಗೆ ಮೂರು ಚಕ್ರದ ಕೆಳಗಿಡಿ, ನಾಲ್ಕನೇದು ತಕ್ಕಡಿ ಮೇಲೆ. ಒಂದಾದ ಮೇಲೊಂದು ನಾಲ್ಕೂ ತೂಗಿ. ಸೀಟಲ್ಲಿ ನೀವು ಕೂತಿರಬೇಕು, ಬೇರೆಯವರು ಓದಬೇಕು. ಶಾಕ್ ಇನ್ನೂ ಇಲ್ಲ ಅಂದ್ರೆ ಓಡಿಸೋವಾಗ ಇರೋ ಎತ್ತರಕ್ಕೆ ಸರಿಯಾಗಿ ಕಬ್ಬಿಣದ ಪಟ್ಟಿ ಕತ್ತರಿಸಿ ಶಾಕ್ ಜಾಗಕ್ಕೆ ಬೋಲ್ಟ್ ಮಾಡಿ. ಹಲಗೆ ಒಂದು ಮಿ.ಮೀ. ಹೆಚ್ಚುಕಮ್ಮಿ ಆದ್ರೂ ಮೂಲೆ ಮೂಲೆಯ ತೂಕ ಏರುಪೇರಾಗುತ್ತೆ, ಹಾಗಾಗಿ ಎಡ ಬಲದ ಸರಾಸರಿ ತಗೊಳ್ಳಿ.

ಮೋಷನ್ ರೇಶಿಯೋಗೆ ಒಂದು ಕಡೆ ಆ ಪಟ್ಟಿ ಬಿಚ್ಚಿ, ಹಬ್ಬಿನ ಕೆಳಗೆ ಜಾಕ್ ಕೊಟ್ಟು 10 ಮಿ.ಮೀ. ಲೆಕ್ಕದಲ್ಲಿ ಎತ್ತುತ್ತಾ, ಪ್ರತಿ ಸಲ ಮೇಲಿನ ಬೋಲ್ಟಿಂದ ಕೆಳಗಿನ ಬೋಲ್ಟಿಗೆ ಟೇಪ್ ಹಿಡಿದು ಬರ್ಕೊಳ್ಳಿ.

ಕೆಎ13_ಬೈಕರ್
ನಾನಾಗಿದ್ರೆ ಇಷ್ಟೊತ್ತಿಗೆ ಬುಲೆಟ್ ಶಾಕ್ ಹಾಕಿ ಎರಡು ರೌಂಡ್ ಹೊಡೆದಿರ್ತಿದ್ದೆ.

ಚಾರ್ಮಾಡಿ_ಕಟ್
ಮೂರನೇ ರೌಂಡಲ್ಲಿ ಚರಂಡೀಲಿರ್ತಿದ್ದೆ.

ಪದ್ಮಿನಿ_ಪ್ರೇಮಿ
ಕೊಯಮತ್ತೂರು ಟ್ರ್ಯಾಕ್ ಅಂದಿದ್ದಕ್ಕೆ ಒಂದು ಮಾತು. ಆ ಕರಿ ಮೋಟಾರ್ ಸ್ಪೀಡ್‌ವೇಗೆ ಹೆಸರು ಬಂದಿರೋದು ಕರಿವರ್ಧನ್ ಅವರಿಂದ. ಮಾರುತಿ 800 ಎಂಜಿನ್ ಇಟ್ಕೊಂಡು ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದ ಮನುಷ್ಯ. ನಮ್ಮ ದೇಶದಲ್ಲೇ ಸಿಗೋ ಸಾಮಾನಲ್ಲಿ ಕಾರು ಕಟ್ಟೋದು ಹೊಸದೇನಲ್ಲ. ಇಂಗ್ಲೆಂಡಿಂದ ತರಿಸೋದು ಯಾಕೆ, ಗೇಬ್ರಿಯಲ್ 1961ರಿಂದ ಇಲ್ಲೇ ಶಾಕ್ ಮಾಡ್ತಿದಾರಲ್ಲ?

ಗೇಜ್_ಬ್ಲಾಕ್
ಹೌದು, ಮಾಡ್ತಾರೆ, ಒಳ್ಳೇದೇ ಮಾಡ್ತಾರೆ. ಆದ್ರೆ ಅದು ಕಂಪನಿ ಕಾರಿನ ತೂಕಕ್ಕೆ, ಕಂಪನಿ ಕಾರಿನ ಉದ್ದಕ್ಕೆ. ಇವರಿಗೆ ಬೇಕಿರೋದು ಮೈ ಸುತ್ತ ಸ್ಪ್ರಿಂಗ್ ಕೂರೋ, ಮೈ ತುಂಬ ಚರಿ ಇರೋ, ಒಂದಡಿ ಚಿಲ್ಲರೆ ಉದ್ದದ ಶಾಕು. ಅದು ಶೆಲ್ಫಲ್ಲಿ ಸಿಗಲ್ಲ. ಇಲ್ಲಿನದನ್ನ ಕತ್ತರಿಸಿ ವಾಲ್ವ್ ಬದಲಾಯಿಸೋರು ಇದಾರೆ, ಅವರ ಹತ್ರ ಡೈನೊ ಇದ್ರೆ ಮಾತ್ರ ಹೋಗಿ.

ಗೋಣಿಚೀಲ
ನಾನು ಡೈನೊ ಇಲ್ಲದೋರ ಹತ್ರ ಹೋಗಿದ್ದೆ. ನಾಲ್ಕು ಶಾಕು ಕೊಟ್ಟೆ, ನಾಲ್ಕು ಥರ ವಾಪಸ್ ಬಂತು. ಒಂದು ವಾರಕ್ಕೆ ಎರಡರ ಸೀಲ್ ಸೋರಿತು. ಕೇಳಿದ್ರೆ ಮಳೆಗಾಲ ಸಾರ್ ಅಂದ್ರು.

ಸಿಲ್ವರ್‌ಓಕ್ (ಹದಿನಾರು ದಿನದ ನಂತರ)
ತಡ ಆಯ್ತು, ಕ್ಷಮಿಸಿ. ಮಧ್ಯೆ ಕಾಫಿ ಕುಯ್ಲು ಶುರುವಾಯ್ತು, ಗೋಡೌನ್ ತಕ್ಕಡಿ ಬಿಡುವಾಗಿದ್ದು ಮೊನ್ನೆ ಭಾನುವಾರ ಒಂದೇ ದಿನ.

ತಕ್ಕಡಿ ನೆಲದಿಂದ 118 ಮಿ.ಮೀ. ಸಿಲ್ವರ್ ಓಕ್ ಹಲಗೆ ಮೂರು ಜೊತೆ, ರಂದಾ ಹೊಡೆದು ಅದೇ ದಪ್ಪಕ್ಕೆ ತಂದೆ. ನಾನು ಸೀಟಲ್ಲಿ, ಅಪ್ಪ ತಕ್ಕಡಿ ಓದೋಕೆ. ಮೂರು ವರ್ಷದಲ್ಲಿ ಅವರು ಪಲ್ಪರ್ ಮನೆ ಒಳಗೆ ಬಂದಿದ್ದು ಅವತ್ತೇ. ಕನ್ನಡಕ ಹಾಕ್ಕೊಂಡು ಮೂಟೆ ಲೆಕ್ಕ ಬರೆಯೋ ಪುಸ್ತಕದಲ್ಲೇ ಬರೆದ್ರು: ಮುಂದೆ ಎಡ 152, ಮುಂದೆ ಬಲ 158, ಹಿಂದೆ ಎಡ 165, ಹಿಂದೆ ಬಲ 177. ಒಟ್ಟು 652 ಕೆ.ಜಿ., ನನ್ನ ಸೇರಿಸಿ. ಬರೆದಾದ್ಮೇಲೆ ಅಭ್ಯಾಸಬಲದಲ್ಲಿ ಗೋಣಿಚೀಲದ ತೂಕ ಕಳೆಯೋಕೆ ಹೋದ್ರು.

ಮುಂದೆ ಚಕ್ರ 40 ಮಿ.ಮೀ. ಎತ್ತಿದಾಗ ಶಾಕು 22 ಮಿ.ಮೀ. ಕುಗ್ಗಿತು. ಹಿಂದೆ 40ಕ್ಕೆ 38. ಮುಂದೆ ಒಂದು ಚಕ್ರ, ಹಬ್ಬು, ಬ್ರೇಕು ಸೇರಿ 27 ಕೆ.ಜಿ. ಹಿಂದಿನ ಹೌಸಿಂಗ್ ಚಕ್ರ ಸಮೇತ ಸುಮಾರು 80.

ಗೇಜ್_ಬ್ಲಾಕ್
ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಈಗ ಲೆಕ್ಕ.

ಮುಂದೆ ಸರಾಸರಿ 155, ಅದರಲ್ಲಿ 27 ಸ್ಪ್ರಿಂಗಿನ ಕೆಳಗಿಂದು, ಸ್ಪ್ರಿಂಗ್ ಹೊರೋದು 128 ಕೆ.ಜಿ. ಹಗುರ ಸ್ಪೋರ್ಟ್ಸ್ ಕಾರಿಗೆ ನಾನು ಮುಂದೆ 1.7 ಹರ್ಟ್ಸ್ ಹಿಡೀತೀನಿ, ಅಂದ್ರೆ ಒತ್ತಿ ಬಿಟ್ರೆ ಸೆಕೆಂಡಿಗೆ 1.7 ಸಲ ತೂಗೋಷ್ಟು. ಅದಕ್ಕೆ ಚಕ್ರದ ಹತ್ರ ಒಂದು ಮಿ.ಮೀ.ಗೆ 14.6 ನ್ಯೂಟನ್ ಬೇಕು. ನಿಮ್ಮ ರೇಶಿಯೋ 22/40, ಅಂದ್ರೆ 0.55. ಅದರ ವರ್ಗದಿಂದ ಭಾಗಿಸಿದ್ರೆ ಸ್ಪ್ರಿಂಗು 48 ನ್ಯೂಟನ್, ಕ್ಯಾಟಲಾಗ್ ಭಾಷೇಲಿ ಇಂಚಿಗೆ 276 ಪೌಂಡು.

ಇಲ್ಲೇ ನನಗೆ ಇಷ್ಟ ಆಗದೇ ಇರೋದು. 0.55 ಬಹಳ ಕಮ್ಮಿ. ಶಾಕು ಸಣ್ಣ ದೂರ ಓಡಾಡಿ ದೊಡ್ಡ ಕೆಲಸ ಮಾಡಬೇಕು, ಬ್ರಾಕೆಟಿಗೂ ಬುಷ್ಷಿಗೂ ಹೊಡೆತ ಜಾಸ್ತಿ. ಕೆಳಗಿನ ಬೋಲ್ಟನ್ನ ವಿಶ್‌ಬೋನಲ್ಲಿ ಚಕ್ರದ ಕಡೆಗೆ ಸರಿಸಿ, ಮೇಲಿನದನ್ನೂ ಸ್ವಲ್ಪ ಹೊರಕ್ಕೆ ತಂದು ಶಾಕನ್ನ ನೆಟ್ಟಗೆ ಮಾಡಿ. 0.68 ಬಂದ್ರೆ ಸ್ಪ್ರಿಂಗು 180 ಪೌಂಡಿಗೆ ಇಳಿಯುತ್ತೆ.

ಹಿಂದೆ ಸರಾಸರಿ 171, ಹೌಸಿಂಗಿನ ಅರ್ಧ 40 ಕಳೆದ್ರೆ 131. ಹಿಂದಿಂದು ಮುಂದಿಗಿಂತ ಸ್ವಲ್ಪ ಚುರುಕಾಗಿರಬೇಕು, 1.9 ಹಿಡೀತೀನಿ. ರೇಶಿಯೋ 0.95. ಸ್ಪ್ರಿಂಗು ಸುಮಾರು 118 ಪೌಂಡು.

ಸಿಲ್ವರ್‌ಓಕ್
ಒಂದ್ನಿಮಿಷ. ಹಿಂದೆ ಭಾರ ಜಾಸ್ತಿ, ಚುರುಕೂ ಜಾಸ್ತಿ ಇರಬೇಕು ಅಂತೀರ, ಆದ್ರೆ ಸ್ಪ್ರಿಂಗು ಮುಂದಿಗಿಂತ ಮೆತ್ತಗೆ?

ಡಿಪೊ_ರಿಟೈರ್ಡ್
ಹಾರೆ, ತಮ್ಮ, ಹಾರೆ. ಹಿಂದೆ ಸ್ಪ್ರಿಂಗು ಹೌಸಿಂಗ್ ಮೇಲೇ ಕೂತಿದೆ, ಚಕ್ರದಷ್ಟೇ ಓಡಾಡುತ್ತೆ. ಮುಂದೆ ತೋಳಿನ ಮಧ್ಯ ಕೂತಿದೆ.

ಮೆಣಸಿನಬಳ್ಳಿ
ಹಿಂದಿಂದು ಯಾಕೆ ಚುರುಕಾಗಿರಬೇಕು? ನಾನು ಅಕೌಂಟೆಂಟು, ಕೇಳೋ ಹಕ್ಕಿದೆ.

ಗೇಜ್_ಬ್ಲಾಕ್
ಹಂಪ್ ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತೆ, ಸ್ವಲ್ಪ ಹೊತ್ತಿಗೆ ಹಿಂದಿನದಕ್ಕೆ. ಎರಡೂ ಒಂದೇ ವೇಗದಲ್ಲಿ ತೂಗಿದ್ರೆ ಮೂತಿ ಮೇಲೆ, ಬಾಲ ಕೆಳಗೆ ಅಂತ ಕುದುರೆ ಆಟ ಶುರು. ಹಿಂದಿಂದು ಬೇಗ ತೂಗಿದ್ರೆ ಮುಂದಿನದನ್ನ ಹಿಡಿದು ಒಟ್ಟಿಗೆ ನಿಲ್ಲುತ್ತೆ. ಮಾರಿಸ್ ಆಲಿ ಅನ್ನೋರು 1930ರ ದಶಕದಲ್ಲಿ ಜನರಲ್ ಮೋಟಾರ್ಸಲ್ಲಿ ಕಂಡ್ಕೊಂಡಿದ್ದು. ಟ್ರ್ಯಾಕಿಗೆ ಮಾತ್ರ ಇರೋ ಕಾರಲ್ಲಿ ಇದನ್ನ ಉಲ್ಟಾ ಮಾಡೋರೂ ಇದಾರೆ, ಆ ಜಗಳ ಇನ್ನೊಂದು ದಿನ.

ಈಗ ಡ್ಯಾಂಪರ್. ಮುಂದೆ ಚಕ್ರದ ಹತ್ರ ಸ್ಪ್ರಿಂಗು 14.6, ಭಾರ 128. ಒತ್ತಿ ಬಿಟ್ರೆ ಒಂದು ಸಲವೂ ತೂಗದೆ ಬಂದು ನಿಲ್ಲೋಕೆ ಬೇಕಾದ ಪೂರ್ತಿ ಡ್ಯಾಂಪಿಂಗು ಸುಮಾರು 2700, ಅಂದ್ರೆ ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಅಷ್ಟು ನ್ಯೂಟನ್. ತೋಟಕ್ಕೂ ಟ್ರ್ಯಾಕಿಗೂ ನಡುವೆ ಅರ್ಧ ಸಾಕು. 0.68 ರೇಶಿಯೋ ಹಿಡಿದ್ರೆ ಶಾಕಿನ ಹತ್ರ ಅದು ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ಸರಾಸರಿ 30 ಕೆ.ಜಿ. ಬಲ ಆಗುತ್ತೆ. ಒತ್ತೋವಾಗ 20, ವಾಪಸ್ ಬರೋವಾಗ 40 ಅಂತ ಹಂಚಿ. ಈ ಎರಡು ನಂಬರ್ ಇಂಗ್ಲೆಂಡಿನೋರಿಗೆ ಮೇಲ್ ಮಾಡಿ. ಅಡ್ಜಸ್ಟರಿನ ನಡು ಕ್ಲಿಕ್ಕಲ್ಲಿ ಇದು ಸಿಗುತ್ತಾ ಅಂತ ಕೇಳಿ. ಸಿಗುತ್ತೆ ಅಂದ್ರೆ ಅದೇ ನಿಮ್ಮ ಶಾಕು, ಬ್ರ್ಯಾಂಡ್ ಯಾವುದಾದ್ರೂ ಆಗ್ಲಿ.

ಚಾರ್ಮಾಡಿ_ಕಟ್
ಉದ್ದ? ಟ್ರಾವೆಲ್? ನನ್ನ ಮಾತು ಮರೀಬೇಡಿ.

ಸಿಲ್ವರ್‌ಓಕ್
ಮರೆತಿಲ್ಲ. ಪೂರ್ತಿ ಬಿಚ್ಚಿದಾಗ 330 ಮಿ.ಮೀ., ಪೂರ್ತಿ ಮುಚ್ಚಿದಾಗ 240 ಇರೋದು ನೋಡಿದೀನಿ. 90 ಓಡಾಟ. ಅರ್ಧ ಅರ್ಧ ಹಂಚಿದ್ರೆ, 0.68ರ ಲೆಕ್ಕದಲ್ಲಿ ಚಕ್ರ ಮೇಲಕ್ಕೆ 66, ಕೆಳಕ್ಕೆ 66.

ಚಾರ್ಮಾಡಿ_ಕಟ್
ಸೆವೆನ್‌ಗೆ ಧಾರಾಳ. ಒಳಗೆ ಸ್ಟಾಪರ್ ಹಾಕು, ಗಟ್ಟಿ ರಬ್ಬರ್ ಅಲ್ಲ, ಸಣ್ಣ ತೂತಿರೋ ಫೋಮ್ ಥರದ್ದು. ಹಳೇ ಕಾರಿನದು ಕತ್ತರಿಸಿ ಹಾಕಿದ್ರೂ ಆಗುತ್ತೆ. ಶಾಕಿನ ಮೈಗೆ ಶಾಕೇ ಬಡಿಯೋ ಹಾಗೆ ಯಾವತ್ತೂ ಬಿಡಬೇಡ.

ಪದ್ಮಿನಿ_ಪ್ರೇಮಿ
ಕಸ್ಟಮ್ಸ್ ಡ್ಯೂಟಿ, ಕೊರಿಯರ್ ಎಲ್ಲ ಸೇರಿಸಿ ರೇಟ್ ಕೇಳಿದ್ಯಾ? ಶಾಕಿನ ರೇಟ್ ನೋಡಿ ಖುಷಿಪಟ್ಟು ಬಿಲ್ ನೋಡಿ ಅಳೋದು ಬೇಡ.

ಸಿಲ್ವರ್‌ಓಕ್
ಕೇಳಿದೆ. ಸ್ಪ್ರಿಂಗ್ ಸೇರಿ ನಾಲ್ಕಕ್ಕೆ ಬಜೆಟ್ ಮೀರುತ್ತೆ. ಅಪ್ಪನಿಗೆ ಹೇಳಿದೆ. ತಕ್ಕಡಿ ಓದಿದ ಮೇಲೆ ಸ್ವಲ್ಪ ಮೆತ್ತಗಾಗಿದಾರೆ, ಮೆಣಸು ಕೊಯ್ದ ಮೇಲೆ ನೋಡೋಣ ಅಂದ್ರು. ಬೇಡ ಅಂತ ಅಂದಿಲ್ಲ.

ಇನ್ನೊಂದು, 180 ಪೌಂಡಿನ ಸ್ಪ್ರಿಂಗೇ ಇಲ್ವಂತೆ. 175 ಇದೆ, 200 ಇದೆ.

ಕೆಎ13_ಬೈಕರ್
200 ತಗೋ. ಸ್ಪೋರ್ಟ್ಸ್ ಕಾರು ಗುರು!

ಗೇಜ್_ಬ್ಲಾಕ್
175. 1.7 ಇದ್ದಿದ್ದು 1.67 ಆಗುತ್ತೆ, ನಿಮ್ಮ ಸೊಂಟಕ್ಕೂ ಗೊತ್ತಾಗಲ್ಲ. ಹಿಂದೆ 120. ಶಾಕಿಗಿಂತ ಸ್ಪ್ರಿಂಗು ಅಗ್ಗ, ಟ್ರ್ಯಾಕಿಗೆ ಗಟ್ಟಿ ಬೇಕು ಅನ್ಸಿದ್ರೆ ಆಮೇಲೆ ಒಂದು ಜೊತೆ 200 ತರಿಸ್ಕೊಳ್ಳಿ.

ಡಿಪೊ_ರಿಟೈರ್ಡ್
ಸೀಲ್ ಕಿಟ್ ಎರಡು ಜಾಸ್ತಿ ಹಾಕಿಸ್ಕೋ ಅದೇ ಪಾರ್ಸಲ್ಲಿಗೆ. ಆಮೇಲೆ ಒಂದು ಸೀಲಿಗೆ ಇಂಗ್ಲೆಂಡಿಗೆ ಬರೆಯೋಕಾಗಲ್ಲ.

ಮೆಣಸಿನಬಳ್ಳಿ
ಫೋಟೋ ಇನ್ನೂ ಬಂದಿಲ್ಲ.

ಸಿಲ್ವರ್‌ಓಕ್
ಕಾರು ಈಗ ಫೋಟೋ ತೆಗೆಯೋ ಸ್ಥಿತೀಲಿಲ್ಲ. ನಿನ್ನೆ ರಾತ್ರಿ ಮುಂದಿನ ಬ್ರಾಕೆಟ್ ನಾಲ್ಕೂ ಗ್ರೈಂಡರಲ್ಲಿ ಕತ್ತರಿಸಿ ತೆಗೆದೆ. ಕೆಳಗಿನ ಬೋಲ್ಟು 45 ಮಿ.ಮೀ. ಆಚೆ ಹೋಗ್ಬೇಕು. ರಟ್ಟಿನಲ್ಲಿ ಅಚ್ಚು ಮಾಡಿ ಇಟ್ಟು ನೋಡಿದೆ, ರೇಶಿಯೋ 0.67 ಬರ್ತಿದೆ. @ಲೇತ್_ಮನೆ ಅಣ್ಣ, 12ರ ಬೋಲ್ಟಿಗೆ ನಾಲ್ಕು ಬುಷ್, ಎಂಟು ಕಿವಿ ಬೇಕು, 4 ಮಿ.ಮೀ. ಪ್ಲೇಟಲ್ಲಿ. ಶನಿವಾರ ಹಾಸನಕ್ಕೆ ಬರ್ತೀನಿ, ಆಗುತ್ತಾ?

ಲೇತ್_ಮನೆ
ಕರೆಂಟಿದ್ರೆ ಆಗುತ್ತೆ. ರಟ್ಟಿನ ಅಚ್ಚು ತಗೊಂಡ್ಬಾ. ಕಾಫಿಪುಡಿನೂ ಅರ್ಧ ಕೆ.ಜಿ. ತಾ, ಚಿಕೋರಿ ಬೇಡ.